ಸ್ಮರಣ ಸಂಚಿಕೆಗಿಂತ ಶನಿವಾರದ ಮೇಜು ಮೇಲು: ಬಳ್ಳಾರಿಯ ಕಾನೂನು ಕಾಲೇಜು ಬಳಗವೊಂದರ ವಿಮರ್ಶೆ

ಬಳ್ಳಾರಿಯ ಕಾನೂನು ಕಾಲೇಜೊಂದರ ಅಧ್ಯಾಪಕರು ಮತ್ತು ಹಳೆ ವಿದ್ಯಾರ್ಥಿಗಳು ಕೂಡಿ ನಾಲ್ಕು ಕೆಲಸ ನಡೆಸುತ್ತಾರೆ. ವರ್ಷಕ್ಕೊಂದು ಸ್ಮರಣ ಸಂಚಿಕೆ ತರುತ್ತಾರೆ, ಶನಿವಾರ ಉಚಿತ ಕಾನೂನು ಸಲಹೆ ಕೊಡುತ್ತಾರೆ, ವಿದ್ಯಾರ್ಥಿಗಳು ವಾದ ಮಾಡಿ ಕಲಿಯುವ ಅಣಕು ನ್ಯಾಯಾಲಯಕ್ಕೆ ಬಂದು ಕೂರುತ್ತಾರೆ, ಹೊಸದಾಗಿ ಸನ್ನದು (ವಕೀಲಿಕೆಯ ಪರವಾನಗಿ) ಪಡೆದವರಿಗೆ ಕೆಲಸ ಕಲಿಯಲು ಸೀನಿಯರ್ ವಕೀಲರ ಆಫೀಸು ಹುಡುಕಿಕೊಡುತ್ತಾರೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಇದರ ಒಪ್ಪು-ತಪ್ಪುಗಳು ಈ ಭಾಗದ ಬೇರೆ ಕಾಲೇಜುಗಳಿಗೂ ಹೆಚ್ಚುಕಡಿಮೆ ಹೊಂದುತ್ತವೆ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಸಾಧನೆಯೆಂದು ಬಳಗ ತೋರಿಸಿಕೊಳ್ಳುವುದು ಸಂಚಿಕೆಯಲ್ಲಿದೆ, ನಿಜವಾದ ಸಾಧನೆ ಶನಿವಾರದ ಸಲಹೆಯ ಮೇಜಿನ ಮೇಲಿದೆ.

ಸಂಚಿಕೆಯ ಕಾಗದ ಚೆನ್ನಾಗಿದೆ, ಮುದ್ರಣ ಅಚ್ಚುಕಟ್ಟಾಗಿದೆ. ನ್ಯಾಯಾಧೀಶರಾದವರು, ಸರ್ಕಾರಿ ಅಭಿಯೋಜಕರಾದವರು, ಪಿಎಚ್.ಡಿ. ಮುಗಿಸಿದ ಅಧ್ಯಾಪಕರು ಎಲ್ಲರ ಫೋಟೊ ಇವೆ, ಶಾಲು-ಹಾರದ ಸಮೇತ. ಓದುವುದಕ್ಕೆ ಮಾತ್ರ ಹೆಚ್ಚೇನೂ ಇಲ್ಲ. ದೊಡ್ಡ ದೋಷ ಹಿಂದಿನ ಪುಟಗಳಲ್ಲಿದೆ. ವಕೀಲರು ತಮ್ಮ ಫೋಟೊ ಹಾಕಿ, ತಮ್ಮ ಆಫೀಸಿನ ಗುಣಗಾನ ಮಾಡಿ ಕೊಟ್ಟ ಶುಭಾಶಯದ ಜಾಹೀರಾತುಗಳು ಅಲ್ಲಿವೆ. ಭಾರತೀಯ ವಕೀಲರ ಪರಿಷತ್ತಿನ ನಿಯಮ 36 ವಕೀಲರು ಪ್ರತ್ಯಕ್ಷವಾಗಿಯಾಗಲಿ ಪರೋಕ್ಷವಾಗಿಯಾಗಲಿ ಜಾಹೀರಾತು ಕೊಡುವುದನ್ನು ನಿಷೇಧಿಸುತ್ತದೆ. 2008ರ ತಿದ್ದುಪಡಿ ಬಿಟ್ಟುಕೊಟ್ಟದ್ದು ಇಷ್ಟೇ: ವಕೀಲರ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಫೋನು, ಸನ್ನದಿನ ಸಂಖ್ಯೆ ಮತ್ತು ದಿನಾಂಕ, ವಿದ್ಯಾರ್ಹತೆ, ಯಾವ ಬಗೆಯ ಕೇಸು ನಡೆಸುತ್ತಾರೆ ಎಂಬ ವಿವರ. ವೃತ್ತಿಧರ್ಮವನ್ನು ಕಡ್ಡಾಯ ವಿಷಯವಾಗಿ ಕಲಿಸುವ ಕಾಲೇಜಿನ ಸಂಚಿಕೆಯಲ್ಲೇ ಹೀಗಾದರೆ ಹೇಗೆ? ಫೋಟೊ ತೆಗೆದುಹಾಕಿ ಇದೇ ವಿವರಗಳನ್ನು ಊರುವಾರು ಪಟ್ಟಿ ಮಾಡಿದರೆ ಸಂಚಿಕೆಯನ್ನು ಜನ ಎತ್ತಿಟ್ಟುಕೊಳ್ಳುತ್ತಾರೆ.

ಪಟ್ಟಿ ಈಗಲೂ ಇದೆ, ಆದರೆ ಹಳೆಯದು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿದ್ದರೂ ಹೊಸಪೇಟೆ, ಕೂಡ್ಲಿಗಿಯವರನ್ನು ಬಳ್ಳಾರಿ ಕೆಳಗೇ ಬರೆದಿದ್ದಾರೆ. ಹೈಕೋರ್ಟಿನಲ್ಲಿರುವವರನ್ನೆಲ್ಲ ಒಂದೇ ತಲೆಬರಹದಡಿ ಸೇರಿಸಿದ್ದಾರೆ. ಬಳ್ಳಾರಿ, ಕೊಪ್ಪಳದ ಮೇಲ್ಮನವಿ ಹೋಗುವುದು ಧಾರವಾಡ ಪೀಠಕ್ಕೆ, ರಾಯಚೂರಿನದು ಕಲಬುರಗಿ ಪೀಠಕ್ಕೆ. ಎರಡೂ 2013ರ ಆಗಸ್ಟಿನಲ್ಲಿ ಕಾಯಂ ಪೀಠಗಳಾದವು. ಸಿಂಧನೂರಿನ ಕಕ್ಷಿದಾರನಿಗೆ ಧಾರವಾಡದ ವಕೀಲರ ನಂಬರ್ ಕೊಟ್ಟು ಏನು ಬಂತು?

ಇನ್ನು ಶನಿವಾರದ ಮೇಜು. ಇದರ ಏರ್ಪಾಡೇ ಜಾಣತನದ್ದು. ವಿದ್ಯಾರ್ಥಿಗೆ ಸನ್ನದು ಇಲ್ಲ, ಆದ್ದರಿಂದ ಕೋರ್ಟಿನಲ್ಲಿ ನಿಲ್ಲುವಂತಿಲ್ಲ. ಪೂರ್ಣಾವಧಿ ಸಂಬಳದ ಅಧ್ಯಾಪಕರಿಗೆ ಕಾನೂನು ಗೊತ್ತು, ಆದರೆ ಸಂಬಳದ ನೌಕರಿಯಲ್ಲಿರುವವರೆಗೆ ವಕಾಲತ್ತು ಹಾಕುವಂತಿಲ್ಲ. ವಕಾಲತ್ತು ಹಾಕಬಲ್ಲ ಹಳೆ ವಿದ್ಯಾರ್ಥಿಗೆ ಕಕ್ಷಿದಾರನ ಕಥೆ ಪೂರ್ತಿ ಕೇಳಲು ಪುರುಸೊತ್ತಿಲ್ಲ. ಈ ಮೂವರನ್ನು ಒಂದೇ ಮೇಜಿಗೆ ಕೂರಿಸಿದ್ದಾರೆ. ವಿದ್ಯಾರ್ಥಿ ಕಥೆ ಕೇಳಿ ದಿನಾಂಕಗಳ ಪಟ್ಟಿ ಬರೆಯುತ್ತಾನೆ. ಅಧ್ಯಾಪಕರು ಕಲಮು ಮತ್ತು ಕಾಲಮಿತಿ ನೋಡುತ್ತಾರೆ. ನೋಟಿಸು ಹೋಗಬೇಕಾದರೆ ಹಳೆ ವಿದ್ಯಾರ್ಥಿಯ ಲೆಟರ್‌ಹೆಡ್‌ನಲ್ಲಿ ಅವರದೇ ಸಹಿ. ಯಾರ ಕೆಲಸ ಎಲ್ಲಿಗೆ ನಿಲ್ಲುತ್ತದೆ ಎಂಬುದು ಸ್ಪಷ್ಟವಿರುವುದರಿಂದ ಗೊಂದಲವಿಲ್ಲ.

ಮೇಜಿಗೆ ಬರುವ ಕಾಗದಗಳಲ್ಲಿ ಚೆಕ್ ಬೌನ್ಸಿನವು ಬಹಳ. ಜೀನ್ಸ್ ಹೊಲಿಯುವ ಊರಲ್ಲಿ ಇದು ಸಹಜ. ಬಟ್ಟೆ, ಜಿಪ್ಪು, ಗುಂಡಿ, ಹೊಲಿಗೆ, ವಾಷಿಂಗ್ ಎಲ್ಲ ಉದ್ದರಿ ಮೇಲೆ ನಡೆದು, ಕೊನೆಗೆ ಮುಂದಿನ ತಾರೀಖಿನ ಚೆಕ್ಕು ಕೈಗೆ ಬರುತ್ತದೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಲೆಕ್ಕ ಸರಳ, ಆದರೆ ಒಂದು ದಿನ ತಪ್ಪಿದರೂ ತೊಡಕು. ಚೆಕ್ಕನ್ನು ಅದರ ಮೇಲಿನ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸಾಯಿತೆಂದು ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು. ಎದುರಿನವನಿಗೆ ನೋಟಿಸು ಮುಟ್ಟಿದ ಮೇಲೆ ಹಣ ಕಟ್ಟಲು 15 ದಿನ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ನೋಟಿಸು ಮಾರ್ಚ್ 5ಕ್ಕೆ ಮುಟ್ಟಿದರೆ ಮಾರ್ಚ್ 20ರವರೆಗೆ ಅವನ ಗಡುವು. 21ರಿಂದ ದೂರು ಹಾಕಬಹುದು, ಏಪ್ರಿಲ್ 20 ದಾಟಿಸದಿರುವುದು ಕ್ಷೇಮ.

ಕೆಡುವುದು ಎಲ್ಲಿ? ಮೊದಲನೆಯದು, 30 ದಿನವನ್ನು ಚೆಕ್ಕಿನ ತಾರೀಖಿನಿಂದ ಎಣಿಸಿ ‘ಅವಧಿ ಮುಗೀತು’ ಎಂದು ಕೈಬಿಡುವುದು. ಎಣಿಸಬೇಕಾದ್ದು ಬ್ಯಾಂಕಿನಿಂದ ಮಾಹಿತಿ ಬಂದ ದಿನದಿಂದ. ಎರಡನೆಯದು, ಹಳೆ ಬಾಕಿ, ಬಡ್ಡಿ ಎಲ್ಲ ಸೇರಿಸಿ ಚೆಕ್ಕಿನಲ್ಲಿ ಇಲ್ಲದ ಮೊತ್ತವನ್ನು ನೋಟಿಸಿನಲ್ಲಿ ಕೇಳುವುದು. ಚೆಕ್ಕಿನ ಮೊತ್ತ ಎಷ್ಟಿದೆಯೋ ಅಷ್ಟನ್ನೇ ಖಚಿತವಾಗಿ ಬರೆದು ಕೇಳಬೇಕು, ಇಲ್ಲದಿದ್ದರೆ ನೋಟಿಸೇ ಬಿದ್ದುಹೋಗುತ್ತದೆ. ಮೂರನೆಯದು, 15 ದಿನ ಮುಗಿಯುವ ಮುಂಚೆಯೇ ದೂರು ಹಾಕುವ ಅವಸರ. ಅಂಥ ದೂರು ನಿಲ್ಲುವುದಿಲ್ಲ. ಈ ಮೂರನ್ನೂ ಮೇಜಿನವರು ಸರಿಯಾಗಿ ಹಿಡಿಯುತ್ತಾರೆ. ರಾಯದುರ್ಗ, ಆದವಾನಿ ಕಡೆಯ ಗಿರಾಕಿ ಕೊಟ್ಟ ಚೆಕ್ಕಾದರೆ ಆಂಧ್ರಕ್ಕೆ ಅಲೆಯಬೇಕೇ ಎಂಬ ಪ್ರಶ್ನೆಗೂ ಉತ್ತರ ಸರಿಯಾಗಿಯೇ ಸಿಗುತ್ತದೆ: 2015ರ ತಿದ್ದುಪಡಿಯ ನಂತರ, ಹಣ ಬರಬೇಕಾದವನು ತನ್ನ ಖಾತೆಗೆ ಹಾಕಿದ ಚೆಕ್ಕಾದರೆ ಅವನ ಖಾತೆಯಿರುವ ಶಾಖೆಯ ವ್ಯಾಪ್ತಿಯ ಕೋರ್ಟಿಗೇ ಅಧಿಕಾರ. ಬಳ್ಳಾರಿಯಲ್ಲಿ ಖಾತೆ ಇದ್ದರೆ ಬಳ್ಳಾರಿಯಲ್ಲೇ ದೂರು.

ಅಂಚೆಯ ವಿಷಯದಲ್ಲಿ ಮಾತ್ರ ಅವರ ನಮೂನೆ ಹಳತಾಗಿದೆ. ‘ರಿಜಿಸ್ಟರ್ಡ್ ಎ.ಡಿ. ಮೂಲಕ’ (ಮುಟ್ಟಿದ ಸಹಿ ವಾಪಸು ಬರುವ ನೋಂದಾಯಿತ ಅಂಚೆ) ಎಂದು ಈಗಲೂ ಅಚ್ಚು ಹಾಕುತ್ತಾರೆ. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಕಳಿಸಿದ ರಸೀದಿ ಮತ್ತು ತಲುಪಿದ ಟ್ರ್ಯಾಕಿಂಗ್ ಪ್ರತಿ ಎರಡನ್ನೂ ಕಡತಕ್ಕೆ ಹಚ್ಚಬೇಕೆಂದು ವಿದ್ಯಾರ್ಥಿಗಳಿಗೆ ಯಾರಾದರೂ ಗಟ್ಟಿಯಾಗಿ ಹೇಳಬೇಕು.

ಜಮೀನಿನ ಕಾಗದಗಳಲ್ಲಿ ಈ ಬಳಗದ ಹಿರಿಯರ ಬೆಲೆ ಗೊತ್ತಾಗುತ್ತದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನಲ್ಲಿತ್ತು, ಕೊಪ್ಪಳ ಮತ್ತು ರಾಯಚೂರು 1956ರವರೆಗೆ ಹೈದರಾಬಾದಿನಲ್ಲಿದ್ದವು. ಹಾಗಾಗಿ ಈ ಕಡೆಯ ಹಳೆ ಪತ್ರ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ತುಂಗಭದ್ರೆಯಾಚೆಯ ಪತ್ರ ಉರ್ದುವಿನಲ್ಲಿ. ಅಜ್ಜನ ಕಾಲದ ಉರ್ದು ಕಾಗದ ಹಿಡಿದು ಗಂಗಾವತಿಯಿಂದ ಬಂದವರಿಗೆ ಇಪ್ಪತ್ತರ ಹುಡುಗ ಏನು ಹೇಳಿಯಾನು? ಉರ್ದು ಓದಬಲ್ಲ ಹಿರಿಯ ವಕೀಲರನ್ನು ಕರೆಸಿ, ಕಾಗದದಲ್ಲಿ ಏನಿದೆ ಎಂದು ಒಂದು ಪುಟದ ಕನ್ನಡ ಸಾರಾಂಶ ಬರೆಸಿಕೊಡುತ್ತಾರೆ. ಇದು ಕೋರ್ಟಿಗೆ ಹಾಜರುಪಡಿಸುವ ಅನುವಾದವಲ್ಲ. ದಾವೆ ಹಾಕುವುದು ಬೇಕೋ ಬೇಡವೋ ಎಂದು ತೀರ್ಮಾನಿಸಲು ಸಾಕು. ಇಷ್ಟಕ್ಕೇ ನಾವು ಮೇಜಿಗೆ ಹೆಚ್ಚು ಅಂಕ ಕೊಡುತ್ತೇವೆ. ಬಳಗದವರು ಈ ಓದನ್ನು ಕಿರಿಯರಿಗೆ ಕಲಿಸುವ ಏರ್ಪಾಡು ಮಾಡಿಲ್ಲದಿರುವುದೇ ಚಿಂತೆ.

ಕ್ರಿಮಿನಲ್ ಕಡೆ ಅಷ್ಟು ಗಟ್ಟಿಯಿಲ್ಲ. ಗೋಡೆಯ ಮೇಲೆ ಹಳೆ ಕಲಮು, ಹೊಸ ಕಲಮು ಎಂದು ಪಟ್ಟಿ ಅಂಟಿಸಿದ್ದಾರೆ: ಐಪಿಸಿ (ಹಳೆಯ ಭಾರತೀಯ ದಂಡ ಸಂಹಿತೆ) 302ಕ್ಕೆ ಭಾರತೀಯ ನ್ಯಾಯ ಸಂಹಿತೆಯ 103, 420ಕ್ಕೆ 318(4), 498ಎಗೆ 85 ಮತ್ತು 86. ಪಟ್ಟಿ ಸರಿ, ಬಳಸುವ ರೀತಿ ತಪ್ಪು. ಹೊಸ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಈಗಲೂ ಐಪಿಸಿಯೇ. ಘಟನೆಯ ದಿನಾಂಕ ಕೇಳದೆ ಪಟ್ಟಿ ನೋಡಿ ಹೊಸ ಕಲಮು ಬರೆದ ಕರಡುಗಳು ಅಲ್ಲಿ ಸಾಕಷ್ಟಿವೆ. ವಾಟ್ಸ್ಯಾಪ್ ಸ್ಕ್ರೀನ್‌ಶಾಟ್ ಪ್ರಿಂಟು ಲಗತ್ತಿಸಿದರೆ ಮುಗಿಯಿತೆಂದು ಭಾವಿಸುವುದು ಇನ್ನೊಂದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಎರಡು ಭಾಗದ್ದು. ಮೊದಲ ಭಾಗ ಹಾಜರುಪಡಿಸುವವರದು, ಎರಡನೆಯದು ತಜ್ಞರದು, ಅದರಲ್ಲಿ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಅಂಕೆ-ಅಕ್ಷರಗಳ ಗುರುತು) ಬರೆಯಬೇಕು. ಮೂಲ ಮೊಬೈಲನ್ನು ಅಳಿಸದೆ ಜೋಪಾನ ಮಾಡಿರಿ ಎಂಬ ಒಂದು ಮಾತನ್ನಾದರೂ ಬಂದವರಿಗೆ ಹೇಳಿ ಕಳಿಸಬೇಕಿತ್ತು.

ಕೇಸು ನಡೆಸಬೇಕಾದ ಹಂತಕ್ಕೆ ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಚೀಟಿ ಬರೆದುಕೊಡುತ್ತಾರೆ. ಇದು ಒಳ್ಳೆಯ ಪದ್ಧತಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಹೆಣ್ಣುಮಕ್ಕಳಿಂದ ಆದಾಯ ಪ್ರಮಾಣಪತ್ರ ಕೇಳಿ ನಾಡಕಚೇರಿಗೆ ಅಲೆಸುವ ಅಭ್ಯಾಸ ಇಲ್ಲಿಲ್ಲ. ಸಹಾಯವಾಣಿ 15100 ಸಂಖ್ಯೆಯನ್ನೂ ಚೀಟಿಯಲ್ಲಿ ಅಚ್ಚು ಹಾಕಿದ್ದಾರೆ.

ಮೇಜಿನ ಎರಡು ದೋಷಗಳು ಗಂಭೀರ. ಸೆಮಿಸ್ಟರ್ ಪರೀಕ್ಷೆ ಬಂದಾಗ ಹುಡುಗರೆಲ್ಲ ಓದಲು ಕೂರುತ್ತಾರೆ, ಮೇಜು ಖಾಲಿ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ವೇಳಾಪಟ್ಟಿ ನೋಡಿಕೊಂಡು 138ರ 30 ದಿನ ನಿಲ್ಲುವುದಿಲ್ಲ! ಆ ವಾರಗಳಲ್ಲಿ ಹಳೆ ವಿದ್ಯಾರ್ಥಿಗಳು ಸರದಿಯ ಮೇಲೆ ಕೂರಬೇಕು. ಎರಡನೆಯದು, ಕೊಟ್ಟ ಕಾಗದಕ್ಕೆ ಸ್ವೀಕೃತಿ ಕೊಡುವುದಿಲ್ಲ. ಯಾವ ಕಾಗದ ಬಂತು, ಮೂಲವೋ ಜೆರಾಕ್ಸೋ, ಯಾರು ತೆಗೆದುಕೊಂಡರು, ಕಾಲಮಿತಿಯ ಕೊನೆ ದಿನ ಯಾವುದು ಎಂಬ ನಾಲ್ಕು ಕಾಲಂಗಳ ರಿಜಿಸ್ಟರು ಸಾಕು. ಅದೂ ಇಲ್ಲ.

ಅಣಕು ನ್ಯಾಯಾಲಯದ ಬಗ್ಗೆ ಚಿಕ್ಕದಾಗಿ. 2008ರ ಕಾನೂನು ಶಿಕ್ಷಣ ನಿಯಮಗಳಂತೆ ಪ್ರತಿ ವಿದ್ಯಾರ್ಥಿ ಮೂರು ಅಣಕು ವಾದ ಮಾಡಬೇಕು, ಒಂದೊಂದಕ್ಕೆ 10 ಅಂಕ, ಅದರಲ್ಲಿ ಬರವಣಿಗೆಗೆ 5, ವಾದಕ್ಕೆ 5. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ದಾಖಲಿಸುವುದಕ್ಕೆ 30. ಹಳೆ ವಿದ್ಯಾರ್ಥಿಗಳು ನ್ಯಾಯಾಧೀಶರ ಕುರ್ಚಿಯಲ್ಲಿ ಕೂತು ನಡುನಡುವೆ ಪ್ರಶ್ನೆ ಹಾಕಿ ಹುಡುಗರ ಉರು ಹೊಡೆದ ಭಾಷಣ ತಡೆಯುತ್ತಾರೆ, ಅದು ಬೇಕಾದ್ದೇ. ವಾದವೆಲ್ಲ ಇಂಗ್ಲಿಷಿನಲ್ಲಿ ಮಾತ್ರ ನಡೆಯುವುದು ಒಪ್ಪುವಂಥದಲ್ಲ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿಯ ಪಾಟೀಸವಾಲು ಆಗುವುದು ಕನ್ನಡದಲ್ಲಿ. ಬಳ್ಳಾರಿ ರಾಘವರು (1880–1946) ವಕೀಲಿಕೆಯನ್ನೂ ರಂಗಭೂಮಿಯನ್ನೂ ಒಟ್ಟಿಗೆ ನಡೆಸಿದ ಊರಿದು. ಮಾತಿನ ಏರಿಳಿತ ಕಲಿಸಲು ಇಲ್ಲಿ ಗುರುಗಳಿಗೆ ಬರವಿಲ್ಲ.

ಸೀನಿಯರ್ ಆಫೀಸು ಹುಡುಕಿಕೊಡುವ ಕೆಲಸಕ್ಕೆ 2025ರ ಮೇ 20ರಿಂದ ತೂಕ ಹೆಚ್ಚಿದೆ. ಸಿವಿಲ್ ನ್ಯಾಯಾಧೀಶ ಹುದ್ದೆಗೆ 3 ವರ್ಷದ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟು ಆ ದಿನ ತೀರ್ಪು ಕೊಟ್ಟಿತು. ಲೆಕ್ಕ ಶುರುವಾಗುವುದು ವಕೀಲರ ಪರೀಕ್ಷೆಗೆ ಮುಂಚೆ ಸಿಗುವ ತಾತ್ಕಾಲಿಕ ಸನ್ನದಿನ ದಿನದಿಂದ. ಪ್ರಮಾಣಪತ್ರವನ್ನು ಆ ಕೋರ್ಟಿನ ಪ್ರಧಾನ ನ್ಯಾಯಾಧಿಕಾರಿ ಕೊಡಬೇಕು, ಇಲ್ಲವೇ ಕನಿಷ್ಠ 10 ವರ್ಷ ಅನುಭವದ ವಕೀಲರು ಕೊಟ್ಟು ನ್ಯಾಯಾಧಿಕಾರಿ ಅದನ್ನು ದೃಢೀಕರಿಸಬೇಕು. ಹೆಸರಿಗೆ ಮಾತ್ರ ಒಂದು ಆಫೀಸು ಸೇರಿ ಮನೆಯಲ್ಲಿ ಓದುತ್ತ ಕೂತವರಿಗೆ ಈ ದೃಢೀಕರಣದಲ್ಲೇ ತೊಡಕು ಬಂದೀತು. ಬಳಗದವರು ಜೂನಿಯರ್‌ಗಳಿಗೆ ದಿನಚರಿ ಪುಸ್ತಕ ಬರೆಸುತ್ತಾರೆ: ದಿನಾಂಕ, ಕೇಸು ನಂಬರು, ಆ ದಿನ ಆದದ್ದು, ಹಾಜರಾದದ್ದು ಯಾರು. ಇದಕ್ಕಿಂತ ಉಪಯುಕ್ತ ಸಲಹೆ ಬೇರೆಲ್ಲೂ ಸಿಗದು.

ಸನ್ನದಿನ ಖರ್ಚಿನ ಬಗ್ಗೆಯೂ ಅವರು ಕೊಡುವ ಮಾಹಿತಿ ಸರಿಯಿದೆ. ಸುಪ್ರೀಂ ಕೋರ್ಟಿನ 2024ರ ಜುಲೈ 30ರ ತೀರ್ಪಿನ ಪ್ರಕಾರ ನೋಂದಣಿಗೆ ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ. ಕೈಗೆ ಸಿಗುವ ದುಡ್ಡಿನ ವಿಷಯಕ್ಕೆ ಬಂದರೆ ಎಲ್ಲರೂ ಗಂಟಲು ಸರಿಮಾಡಿಕೊಳ್ಳುತ್ತಾರೆ. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿರೆಂದು 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯವಲ್ಲ. ಈ ಬಳಗದ ಆಫೀಸುಗಳಲ್ಲಿ ಅದರ ಹತ್ತಿರವೂ ಯಾರೂ ಕೊಡುವುದಿಲ್ಲ. ಹಳ್ಳಿಯಿಂದ ಬಂದ, ರೂಮು ಬಾಡಿಗೆ ಕಟ್ಟಬೇಕಾದ ಹುಡುಗ ಹುಡುಗಿಯರು ಮೊದಲ ವರ್ಷದಲ್ಲೇ ಬಿಟ್ಟುಹೋಗುವುದಕ್ಕೆ ಇದೇ ಕಾರಣ. ಸಂಚಿಕೆಯ ಆರ್ಟ್ ಪೇಪರಿಗೆ ಹಾಕುವ ದುಡ್ಡಿನಲ್ಲಿ ಒಬ್ಬಿಬ್ಬರ ಬಾಡಿಗೆಯಾದರೂ ಹೊರಡುತ್ತಿತ್ತು.

ಕಾಲೇಜು ಸೇರಲು ಯೋಚಿಸುವವರು ಸಂಚಿಕೆ ನೋಡಿ ತೀರ್ಮಾನಿಸಬೇಡಿ. ಒಂದು ಶನಿವಾರ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿ. ಸಲಹೆಗೆ ಹೋಗುವವರು ಬೆಳಿಗ್ಗೆ ಬೇಗ ಹೋಗಿ. ಉರ್ದು ಕಾಗದವಿದ್ದರೆ ಹಿರಿಯರು ಯಾವ ವಾರ ಬರುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳಿ. ಚೆಕ್ಕಿನ ಎರಡೂ ಬದಿಯ ಜೆರಾಕ್ಸು, ಬ್ಯಾಂಕಿನ ಮೆಮೊ, ಬಿಲ್ಲು ಅಥವಾ ಲೆಕ್ಕದ ಪುಸ್ತಕದ ಪುಟ, ಎದುರಿನವರ ಪೂರ್ತಿ ವಿಳಾಸ ಇಷ್ಟು ಕೈಯಲ್ಲಿರಲಿ. ಮೂಲಗಳನ್ನು ತೋರಿಸಿ, ಬಿಟ್ಟು ಬರಬೇಡಿ. ಏನೇ ಕೊಟ್ಟರೂ ನಿಮ್ಮ ಪ್ರತಿಯ ಮೇಲೆ ತೆಗೆದುಕೊಂಡವರ ಸಹಿ ಮತ್ತು ತಾರೀಖು ಹಾಕಿಸಿಕೊಳ್ಳಿ. ಕೇಳಿದರೆ ಇಲ್ಲವೆನ್ನುವುದಿಲ್ಲ.