ಮೂಳೆಪುಡಿ ಗೊಬ್ಬರ: ಕುಂಡ ಬೋರಲು ಹಾಕಿ ನೋಡಿದ ಮೇಲೆ

ಪೊಟ್ಟಣದ ಮೇಲೆ 'ಬೇರಿಗೆ ಬಲ' ಅಂತಿತ್ತು. ನಂಬಿಕೆ ಬರಲಿಲ್ಲ. ಎರಡು ಕುಂಡದಲ್ಲಿ ಗುಲಾಬಿ ಸಸಿ ನೆಟ್ಟು, ಒಂದಕ್ಕೆ ಮಾತ್ರ ಎರಡು ಚಮಚ ಪುಡಿಯನ್ನು ಬೇರಿನ ಪಕ್ಕದಲ್ಲೇ ಹಾಕಿದೆ. ಈ ಪುಡಿಯಲ್ಲಿರುವ ರಂಜಕ (ಫಾಸ್ಫರಸ್, ಬೇರಿಗೆ ಬೇಕಾದ ಪೋಷಕಾಂಶ) ಮಣ್ಣಿನಲ್ಲಿ ಸುಲಭಕ್ಕೆ ಹರಿದಾಡುವುದಿಲ್ಲ. ಮೇಲೆ ಉದುರಿಸಿದರೆ ಅಲ್ಲೇ ಕೂತುಬಿಡುತ್ತದೆ. ಮೂರು ತಿಂಗಳಾದ ಮೇಲೆ ಎರಡನ್ನೂ ಬೋರಲು ಹಾಕಿದೆ (ಮನೆಯವಳು ಬೈದಳು, ಇರಲಿ). ಪುಡಿ ಇದ್ದ ಕಡೆ ಸಣ್ಣ ಬೇರುಗಳು ಜಡೆಗಟ್ಟಿದ್ದವು. ಇನ್ನೊಂದರಲ್ಲಿ ಬಡಕಲು ಎಳೆಗಳು ಅಷ್ಟೆ.

ಕ್ಷಾರ ಮಣ್ಣಿನವರು ಕೊಳ್ಳಬೇಡಿ. ಪಿಹೆಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 7 ದಾಟಿದರೆ ಇದು ಕರಗುವುದೇ ಕಷ್ಟ. ಜೊತೆಗೆ ಯೂರಿಯಾ ಸುರಿದರೆ ಎಲೆ ಹಬ್ಬುತ್ತದೆ, ಬೇರು ಹಿಂದೆ ಬೀಳುತ್ತದೆ. ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ವಾಸನೆಗೆ. ನಾಯಿ ಎರಡು ಸಲ ಕುಂಡ ಕೆದಕಿತು.