ಹೇಂಟೆ ಬೆನ್ನಿಗೆ ಹಾಕುವ ಬಟ್ಟೆ: ಎರಡು ತಿಂಗಳು ಬಳಸಿದ ಮೇಲೆ

ಹುಂಜ ಹತ್ತಿ ಹತ್ತಿ ನಮ್ಮ ಕೆಂಪು ಹೇಂಟೆಯ ಬೆನ್ನು ಪೂರ್ತಿ ಬೋಳಾಗಿತ್ತು. ಒಂದು ಬೆಳಿಗ್ಗೆ ನೋಡಿದರೆ ರೆಕ್ಕೆ ಬುಡದಲ್ಲಿ ಉಗುರು ಗೀರಿದ ಗಾಯ, ರಕ್ತ ಕಂಡ ಉಳಿದ ಕೋಳಿಗಳು ಅಲ್ಲೇ ಕುಕ್ಕುತ್ತಿದ್ದವು. ಹೊಟ್ಟೆ ಉರಿಯಿತು. ಅವತ್ತೇ ಈ ಬಟ್ಟೆ ತರಿಸಿದೆ, ಹೆನ್ ಸ್ಯಾಡಲ್ ಅಂತ ಹುಡುಕಿದರೆ ಸಿಗುತ್ತದೆ. ಎರಡು ಪದರದ ಹತ್ತಿ ಬಟ್ಟೆ, ರೆಕ್ಕೆಗೆ ತೊಡಿಸಲು ಎರಡು ಎಲಾಸ್ಟಿಕ್ ಪಟ್ಟಿ, ಅಷ್ಟೇ.

ಹಸಿ ಗಾಯದ ಮೇಲೆ ಮಾತ್ರ ಇದನ್ನು ಹಾಕಬೇಡಿ. ಒಳಗೆ ಗಾಳಿಯಾಡದೆ ಕೀವಾಗುತ್ತದೆ, ನೊಣ ಕೂತರೆ ಹುಳವೂ ಆಗಬಹುದು. ನಾನು ಮೊದಲು ಹೇಂಟೆಯನ್ನು ಜಾಲರಿ ಹಾಕಿ ಪಕ್ಕದಲ್ಲೇ ಬೇರೆ ಇಟ್ಟೆ, ಯಾಕಂದ್ರೆ ಗುಂಪಿನ ಕಣ್ಣಿಂದ ಪೂರ್ತಿ ಮರೆಯಾದರೆ ವಾಪಸ್ ಬಿಟ್ಟಾಗ ಹೊಸಬಳು ಅಂತ ಹೊಡೆಯುತ್ತವೆ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ದಿನಾ ತೊಳೆದೆ, ಪೊವಿಡೋನ್ ಅಯೋಡಿನ್‌ಗೆ ನೀರು ಬೆರೆಸಿ ಹಚ್ಚಿದೆ. ಗಾಯ ಆಳವಿದ್ದರೆ, ವಾಸನೆ ಬಂದರೆ ಸುಮ್ನೆ ಕಾಯಬೇಡಿ, ಪಶುವೈದ್ಯರಿಗೆ ತೋರಿಸಿ.

ಗಾಯ ಒಣಗಿದ ಮೇಲೆ ಬಟ್ಟೆ ತೊಡಿಸಿದೆ. ಮೊದಲ ದಿನ ಪಾಪ ಹಿಂದಕ್ಕೆ ಹಿಂದಕ್ಕೆ ನಡೆಯಿತು, ಮರುದಿನಕ್ಕೆ ಮರೆತೇಬಿಟ್ಟಿತು. ಹುಂಜ ಹತ್ತಿದರೂ ಉಗುರು ಬಟ್ಟೆಗೆ ತಾಗುತ್ತದೆ, ಚರ್ಮಕ್ಕಲ್ಲ. ಎರಡು ತಿಂಗಳಲ್ಲಿ ಹೊಸ ಗಾಯ ಒಂದೂ ಆಗಿಲ್ಲ. ಇದಕ್ಕೇ ನನ್ನ ಪೂರ್ತಿ ಅಂಕ.

ಕೊರತೆ ಇಲ್ಲ ಅಂತಲ್ಲ. ಎಲಾಸ್ಟಿಕ್ ಬಿಗಿ, ರೆಕ್ಕೆ ಕೆಳಗೆ ಉಜ್ಜಿ ಕೆಂಪಾಗಿತ್ತು, ನಾನೇ ಬಿಚ್ಚಿ ಸಡಿಲ ಹೊಲಿದೆ. ನೆನೆದರೆ ಬೇಗ ಒಣಗುವುದಿಲ್ಲ. ಅಡಿಯಲ್ಲಿ ಹೇನು ಸೇರಿಕೊಳ್ಳಲು ಒಳ್ಳೆ ಜಾಗ, ಹಾಗಾಗಿ ಎರಡು ದಿನಕ್ಕೊಮ್ಮೆ ಎತ್ತಿ ನೋಡಲೇಬೇಕು. ಬಿಸಿಲು ಜಾಸ್ತಿ ಇದ್ದ ದಿನ ತೆಗೆದುಬಿಡುತ್ತೇನೆ.

ಹಾಕಿದ ತಕ್ಷಣ ಪುಕ್ಕ ಬರುತ್ತದೆ ಅಂತಲೂ ಕಾಯಬೇಡಿ. ಬುಡಸಮೇತ ಕಿತ್ತುಬಂದ ಕಡೆ ಕೆಲವು ವಾರಗಳಲ್ಲಿ ಹೊಸದು ಹುಟ್ಟುತ್ತದೆ, ಆದರೆ ಮುರಿದ ದಂಟು ಚರ್ಮದಲ್ಲೇ ಉಳಿದಿದ್ದರೆ ಮುಂದಿನ ಪುಕ್ಕ ಉದುರಿಸುವ ಕಾಲದವರೆಗೆ ಅಲ್ಲಿ ಏನೂ ಬರುವುದಿಲ್ಲ. ನಮ್ಮದಕ್ಕೆ ಅರ್ಧ ಬೆನ್ನು ತುಂಬಿದೆ. ಎಳೆ ಪುಕ್ಕದ ದಂಟಿನಲ್ಲಿ ರಕ್ತ ಇರುತ್ತದೆ, ಮುರಿದರೆ ಸೋರುತ್ತದೆ, ಆಗಲೇ ಬಟ್ಟೆ ನಿಜವಾಗಿ ಬೇಕಾಗುವುದು. ಪುಕ್ಕ ಅಂದರೆ ಬಹುಪಾಲು ಪ್ರೋಟೀನೇ ಅಲ್ವಾ, ಅದಕ್ಕೆ ಬರೀ ಕಾಳು ಎರಚುವುದು ಬಿಟ್ಟು ಪ್ರೋಟೀನ್ ಜಾಸ್ತಿ ಇರುವ ಆಹಾರ ಕೊಡುತ್ತಿದ್ದೇನೆ. 8-10 ಹೇಂಟೆಗೆ ಒಂದು ಹುಂಜ ಇರಬೇಕಂತೆ, ನಮ್ಮಲ್ಲಿ ನಾಲ್ಕಕ್ಕೇ ಒಂದು. ಈಗ ಅರ್ಧ ದಿನ ಅದನ್ನು ಬೇರೆ ಬಿಡುತ್ತೇನೆ.

ಇನ್ನೊಂದು ಬಟ್ಟೆ ತರಿಸಿದ್ದೇನೆ, ಒಂದನ್ನು ಒಗೆದಾಗ ಹಾಕೋಕೆ. ಈ ಸಲ ಒಂದು ಸೈಜ್ ದೊಡ್ಡದು.