ಹತ್ತು ವರ್ಷಕ್ಕೂ ಜಾಸ್ತಿ ರೈಲ್ಸ್ ಬಳಸಿದ್ದೇನೆ: ಕಾಡಿದ್ದು ಡೇಟಾಬೇಸ್ ಅಡಾಪ್ಟರ್ ಒಂದೇ

ನಾನು ರೂಬಿ ಆನ್ ರೈಲ್ಸ್ (ರೂಬಿ ಭಾಷೆಯಲ್ಲಿ ವೆಬ್ ಆಪ್ ಕಟ್ಟುವ ಚೌಕಟ್ಟು) ಹಿಡಿದದ್ದು 2014ರಲ್ಲಿ, ಬಿಟಿಎಂ ಲೇಔಟ್‌ನ ಒಂದು ಚಿಕ್ಕ ಆಫೀಸಿನಲ್ಲಿ. ಇವತ್ತಿಗೂ ಅದರಲ್ಲೇ ಅನ್ನ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಸ್ಟಾರ್ ಕಡಿಮೆಯಾದದ್ದು ಡೇಟಾಬೇಸ್ ಅಡಾಪ್ಟರ್‌ನಿಂದ, ಅಂದರೆ ರೈಲ್ಸನ್ನು ಡೇಟಾಬೇಸ್‌ಗೆ ಜೋಡಿಸುವ ಕೊಂಡಿಯಿಂದ. ಅದನ್ನು ಬಿಡಿಸಿ ಹೇಳಬೇಕು, ಯಾಕಂದರೆ ಹೊಸಬರು ಕೈಚೆಲ್ಲುವುದು ಅಲ್ಲೇ.

ಹೊಸ ಆಪ್ ಶುರು ಮಾಡಿದರೆ ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸ್ ಜೊತೆಗೇ ಬರುತ್ತದೆ, ಬೇಗನೆ ಪುಟ ಕಾಣುತ್ತದೆ, ಖುಷಿಯಾಗುತ್ತದೆ. ಆಮೇಲೆ ಪೋಸ್ಟ್‌ಗ್ರೆಸ್ ಅನ್ನುವ ದೊಡ್ಡ ಡೇಟಾಬೇಸ್ ಬೇಕು ಅಂತ ಜೆಮ್‌ಫೈಲ್‌ಗೆ (ಆಪ್‌ಗೆ ಬೇಕಾದ ಜೆಮ್‌ಗಳ, ಅಂದರೆ ರೂಬಿ ಪ್ಯಾಕೇಜ್‌ಗಳ ಪಟ್ಟಿ) ಅದರ ಅಡಾಪ್ಟರ್‌ಗೆ ಬೇಕಾದ 'ಪಿಜಿ' ಸೇರಿಸಿ, ಅವನ್ನು ಇಳಿಸುವ ಬಂಡಲ್ ಇನ್‌ಸ್ಟಾಲ್ ಆಜ್ಞೆ ಕೊಟ್ಟರೆ ಪರದೆ ತುಂಬ ಎರರ್ ಬರುತ್ತಿತ್ತು. 'ಫೇಲ್ಡ್ ಟು ಬಿಲ್ಡ್ ಜೆಮ್ ನೇಟಿವ್ ಎಕ್ಸ್‌ಟೆನ್ಷನ್.' ಮೊದಲ ಸಲ ಎರಡು ದಿನ ಹೋಯಿತು. ರೂಬಿಯನ್ನೇ ತೆಗೆದು ಮತ್ತೆ ಹಾಕಿದೆ, ಏನೂ ಆಗಲಿಲ್ಲ. ತಪ್ಪು ರೂಬಿಯದ್ದಲ್ಲ. ಈ ಜೆಮ್ ಒಳಗೆ ಸಿ ಭಾಷೆಯ ಕೋಡ್ ಇದೆ, ಆಗ ಅದು ನಮ್ಮ ಮಷೀನಿನಲ್ಲೇ ಕಂಪೈಲ್ ಆಗಬೇಕಿತ್ತು (ಮಷೀನ್ ಓಡಿಸುವ ರೂಪಕ್ಕೆ ಬದಲಾಗಬೇಕಿತ್ತು), ಅದಕ್ಕೆ ಪೋಸ್ಟ್‌ಗ್ರೆಸ್‌ನ ಹೆಡರ್ ಫೈಲ್ (ಕಂಪೈಲ್ ಮಾಡುವಾಗ ಓದುವ ಘೋಷಣೆಗಳ ಫೈಲ್) ಬೇಕಿತ್ತು. ಉಬುಂಟು ಲಿನಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್ ಸರ್ವರ್ ಓಡುತ್ತಿದ್ದರೂ ಆ ಹೆಡರ್ ಬೇರೆ ಪ್ಯಾಕೇಜ್: ಲಿಬ್‌ಪಿಕ್ಯೂ-ಡೆವ್. ಅದನ್ನು ಹಾಕಿದರೆ ಮುಗಿಯಿತು. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್‌ಗೂ ಇದೇ ಕಥೆ, ಅಲ್ಲಿ ಡಿಫಾಲ್ಟ್-ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್-ಡೆವ್.

ನನಗೆ ನಿಜವಾಗಿ ಸಿಟ್ಟು ಬಂದದ್ದು 2018ರ ಜನವರಿಯಲ್ಲಿ. ಪಿಜಿ ಜೆಮ್ 1.0 ಬಂದಿತ್ತು. ನಮ್ಮದು ರೈಲ್ಸ್ 5.1. ಜೆಮ್ ಸಲೀಸಾಗಿ ಇನ್‌ಸ್ಟಾಲ್ ಆಯಿತು, ಸರ್ವರ್ ಏಳಲಿಲ್ಲ. 'ಅಡಾಪ್ಟರ್ ಪೋಸ್ಟ್‌ಗ್ರೆಸ್ ಅಂದಿದ್ದೀರಿ, ಜೆಮ್ ಲೋಡ್ ಆಗಿಲ್ಲ, ಜೆಮ್‌ಫೈಲ್‌ಗೆ ಸೇರಿಸಿ, ಕನಿಷ್ಠ ವರ್ಷನ್ ಇದೆಯಾ ನೋಡಿ' ಅನ್ನುವ ಅರ್ಥದ ಸಂದೇಶ. ಜೆಮ್‌ಫೈಲ್ ತೆರೆದರೆ ಪಿಜಿ ಕಣ್ಣೆದುರಿಗೇ ಇದೆ! ವರ್ಷನ್ ಕಡಿಮೆ ಆಗಿದ್ದಲ್ಲ, ಜಾಸ್ತಿ ಆಗಿದ್ದು. ಆ ರೈಲ್ಸ್ ಕೇಳುತ್ತಿದ್ದದ್ದು 0.18ರಿಂದ ಮೇಲೆ, 1.0ಕ್ಕಿಂತ ಕೆಳಗೆ. ಪಿಜಿಯನ್ನು 0.21ಕ್ಕೆ ಕಟ್ಟಿಹಾಕಿದ ಮೇಲೆ ಸರಿಹೋಯಿತು. ಮರುವರ್ಷ ಎಸ್‌ಕ್ಯೂಲೈಟ್ ಜೆಮ್ 1.4 ಬಂದಾಗಲೂ ಹಳೆ ರೈಲ್ಸ್‌ನವರಿಗೆ ಇದೇ ಪಾಡು. ಎರರ್ ಸಂದೇಶವೇ ದಾರಿ ತಪ್ಪಿಸಿದರೆ ಕಲಿಯುವವರು ಯಾರನ್ನು ನಂಬಬೇಕು, ಹೇಳಿ?

ಕಳೆದ ವರ್ಷ ಹಾಸನದಿಂದ ಚಿಕ್ಕಮ್ಮನ ಮಗ ಕೆಲಸ ಹುಡುಕಿಕೊಂಡು ಜಯನಗರದ ನಮ್ಮ ಮನೆಗೆ ಬಂದ. ಒಂದು ರಾತ್ರಿ ಊಟ ಬಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತಿದ್ದ.

'ಅಣ್ಣ, ಪೋಸ್ಟ್‌ಗ್ರೆಸ್ ಇದೆಯಲ್ಲಾ, ಆದರೂ ಯಾಕೆ ಹೀಗೆ?'

'ಕೊನೆ ಸಾಲು ಬಿಡೋ, ಮೇಲಕ್ಕೆ ಹೋಗು.'

ಕೊನೆಯಲ್ಲಿ ಬಂಡ್ಲರ್ ಮುಂದೆ ಹೋಗಲಾರೆ ಅಂದಿತ್ತು, ಅಷ್ಟೇ. ಹತ್ತಿಪ್ಪತ್ತು ಸಾಲು ಮೇಲೆ 'ಲಿಬ್‌ಪಿಕ್ಯೂ-ಎಫ್‌ಇ ಡಾಟ್ ಎಚ್' ಅನ್ನುವ ಹೆಡರ್ ಸಿಗಲಿಲ್ಲ ಅಂತ ಸ್ಪಷ್ಟವಾಗಿತ್ತು. ಇನ್ನೂ ವಿವರ ಬೇಕಿದ್ದರೆ ಎಂಕೆಎಂಎಫ್ ಡಾಟ್ ಲಾಗ್ ಅನ್ನುವ ಫೈಲ್ ಇರುತ್ತದೆ, ಅದು ಎಲ್ಲಿದೆ ಅಂತ ಎರರ್‌ನಲ್ಲೇ ಬರೆದಿರುತ್ತದೆ. ಹತ್ತು ನಿಮಿಷದಲ್ಲಿ ಅವನೇ ಸರಿ ಮಾಡಿಕೊಂಡು ಬಂದು ತಣ್ಣಗಾದ ಅನ್ನ ಸಾರು ಉಂಡ.

ಡಾಕರ್ (ಆಪನ್ನೂ ಅದಕ್ಕೆ ಬೇಕಾದದ್ದನ್ನೂ ಒಂದೇ ಇಮೇಜಿನಲ್ಲಿ ಕಟ್ಟಿಕೊಡುವ ಸಾಧನ) ಬಳಸುವವರಿಗೆ ಒಂದು ಮಾತು. ಸ್ಲಿಮ್ ಅನ್ನುವ ಚಿಕ್ಕ ಇಮೇಜಿನಲ್ಲಿ ಕಂಪೈಲರೂ ಇರುವುದಿಲ್ಲ. ಪಿಜಿ ಅಲ್ಲೇ ಕಂಪೈಲ್ ಆಗುವುದಾದರೆ, ಬಿಲ್ಡ್ ಹಂತಕ್ಕೆ ಲಿಬ್‌ಪಿಕ್ಯೂ-ಡೆವ್ ಹಾಕಿ, ಕೊನೆಯ ಇಮೇಜಿಗೆ ಓಡಿಸಲು ಬೇಕಾದ ಲಿಬ್‌ಪಿಕ್ಯೂ5 ಲೈಬ್ರರಿ ಮರೆತರೆ ಬಿಲ್ಡ್ ಪಾಸ್ ಆಗಿ, ಓಡಿಸುವಾಗ ಬೀಳುತ್ತದೆ. ಜೆಮ್‌ಗಳ ನಿಖರ ವರ್ಷನ್ ಬರೆದಿಡುವ ಜೆಮ್‌ಫೈಲ್ ಡಾಟ್ ಲಾಕ್ ಅನ್ನು, ಕೋಡ್ ಕಾಯ್ದಿಡುವ ಗಿಟ್‌ಗೆ ಹಾಕಿಯೇ ಹಾಕಿ.

ಈಗ ಪರಿಸ್ಥಿತಿ ಎಷ್ಟೋ ಮೇಲು. 2022ರಿಂದ ಎಸ್‌ಕ್ಯೂಲೈಟ್ ಜೆಮ್ ಕಂಪೈಲ್ ಆಗಿಯೇ ಬರುತ್ತಿದೆ. 2023ರ ರೈಲ್ಸ್ 7.1ರಲ್ಲಿ ಮೈಎಸ್‌ಕ್ಯೂಎಲ್‌ಗೆ ಟ್ರಿಲಜಿ ಅಡಾಪ್ಟರ್ ಸೇರಿತು. ಅದಕ್ಕೂ ಕಂಪೈಲರ್ ಬೇಕು, ಆದರೆ ಮೈಎಸ್‌ಕ್ಯೂಎಲ್‌ನ ಲೈಬ್ರರಿ ಬೇಡ. ಮೈಎಸ್‌ಕ್ಯೂಎಲ್ ಮೇಲಿರುವ ನಮ್ಮ ಒಂದು ಹಳೆ ಪ್ರಾಜೆಕ್ಟನ್ನು ಮುಂದಿನ ತಿಂಗಳು ಅದಕ್ಕೆ ಬದಲಾಯಿಸುತ್ತಿದ್ದೇವೆ. ಸಲೀಸಾಗಿ ಓಡಿದರೆ ಆ ಐದನೇ ಸ್ಟಾರನ್ನೂ ಸೇರಿಸುತ್ತೇನೆ.